ನೀಟ್‌ನಲ್ಲಿ ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟುಬಿಡಬೇಕೇ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ನೀಟ್ ಮತ್ತು ಸಿಇಟಿ ಎರಡನ್ನೂ ಬರೆಯಲಿದ್ದಾಳೆ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದರಿಂದ, ಖಚಿತವಾಗಿ ಗೊತ್ತಿಲ್ಲದ ಪ್ರಶ್ನೆಯನ್ನು ಮುಟ್ಟಲೇಬಾರದೆಂದು ಎಲ್ಲರೂ ಹೇಳುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಈ ಪ್ರಶ್ನೆಗೆ ಪ್ರತಿ ವರ್ಷವೂ ಉತ್ತರಿಸುತ್ತ ಬಂದಿದ್ದೇನೆ. ಸಿಇಟಿ ಅರ್ಜಿ ತುಂಬುವ ಕಾಲಕ್ಕೆ ಶುರುವಾದರೆ ನೀಟ್‌ನ ಪ್ರವೇಶಪತ್ರ ಕೈಸೇರುವವರೆಗೂ ಇದು ನಿಲ್ಲುವುದಿಲ್ಲ. ಕೇಳುವವರು ಬದಲಾಗುತ್ತಾರೆ, ‘ಮುಟ್ಟಲೇಬಾರದು’ ಎಂಬ ಮಾತು ಮಾತ್ರ ಹಾಗೆಯೇ ಇರುತ್ತದೆ. ಸಿಇಟಿಯ ಮಟ್ಟಿಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ: ಅಲ್ಲಿ ಋಣಾತ್ಮಕ ಅಂಕವೇ ಇಲ್ಲದಿರುವುದರಿಂದ ಪ್ರತಿ ವಿಷಯದ 60 ಪ್ರಶ್ನೆಗಳಲ್ಲಿ ಒಂದನ್ನೂ ಖಾಲಿ ಬಿಡಬಾರದು. ಗೊಂದಲವೆಲ್ಲ ಇರುವುದು ನೀಟ್‌ನಲ್ಲಿ.

ನೀಟ್‌ನಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪುತ್ತರಕ್ಕೆ 1 ಅಂಕ ಕಡಿತ, ಬಿಟ್ಟ ಪ್ರಶ್ನೆಗೆ ಸೊನ್ನೆ ಎಂಬುದು ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಆದರೆ ಈ 4 ಮತ್ತು 1ನ್ನು ಒಟ್ಟಿಗೆ ಇಟ್ಟುಕೊಂಡು ಲೆಕ್ಕ ಹಾಕುವವರು ಕಡಿಮೆ. ವಿದ್ಯಾರ್ಥಿಗೆ ಏನೇನೂ ಗೊತ್ತಿಲ್ಲದ ನಾಲ್ಕು ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳಿವೆ, ಆಕೆ ಕಣ್ಣು ಮುಚ್ಚಿ ಒಂದೊಂದನ್ನು ಗುರುತಿಸುತ್ತಾಳೆ ಎಂದುಕೊಳ್ಳಿ. ಸರಾಸರಿಯಲ್ಲಿ ಒಂದು ಸರಿಯಾಗುತ್ತದೆ, ಮೂರು ತಪ್ಪಾಗುತ್ತವೆ. ಬಂದದ್ದು 4, ಹೋದದ್ದು 3, ಉಳಿದದ್ದು 1. ಶುದ್ಧ ಕುರುಡು ಊಹೆಗೂ ನೀಟ್ ಪ್ರಶ್ನೆಯೊಂದಕ್ಕೆ ಕಾಲು ಅಂಕ ಕೊಡುತ್ತದೆಯೇ ಹೊರತು ಕಳೆಯುವುದಿಲ್ಲ.

ಇದನ್ನು ಇನ್ನೊಂದು ಬಗೆಯಲ್ಲಿಯೂ ನೋಡಬಹುದು. 179 ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದ ವಿದ್ಯಾರ್ಥಿ ಕೊನೆಯ ಒಂದನ್ನು ಬಿಟ್ಟರೆ 716, ತಪ್ಪು ಮಾಡಿದರೆ 715, ಸರಿ ಮಾಡಿದರೆ 720. ಬಿಡುವುದಕ್ಕೂ ತಪ್ಪುವುದಕ್ಕೂ ನಡುವಿನ ಅಂತರ ಒಂದೇ ಅಂಕ. ಬಿಡುವುದಕ್ಕೂ ಸರಿಯುತ್ತರಕ್ಕೂ ನಡುವಿನ ಅಂತರ ನಾಲ್ಕು. (2024ರ ಫಲಿತಾಂಶದಲ್ಲಿ 718 ಮತ್ತು 719 ಅಂಕಗಳು ಕಾಣಿಸಿಕೊಂಡಾಗ ಜನ ಹುಬ್ಬೇರಿಸಿದ್ದು ಇದೇ ಲೆಕ್ಕದಿಂದ. ಈ ಪದ್ಧತಿಯಲ್ಲಿ ಆ ಅಂಕಗಳು ಬರಲು ಸಾಧ್ಯವೇ ಇಲ್ಲ. ಪರೀಕ್ಷಾ ಕೇಂದ್ರದಲ್ಲಿ ಸಮಯ ನಷ್ಟವಾದವರಿಗೆ ಕೊಟ್ಟಿದ್ದ ಕೃಪಾಂಕದಿಂದ ಅವು ಬಂದಿದ್ದವು, ಮುಂದೆ ಆ ಕೃಪಾಂಕವನ್ನು ಹಿಂಪಡೆಯಲಾಯಿತು.) ಅಂದು ಅಷ್ಟು ಚುರುಕಾಗಿ ಲೆಕ್ಕ ಹಾಕಿದ ಪೋಷಕರೇ ಮನೆಯಲ್ಲಿ ಮಕ್ಕಳಿಗೆ ‘ಮುಟ್ಟಬೇಡ’ ಎನ್ನುವುದನ್ನು ಕಂಡಾಗ ನನಗೆ ಸ್ವಲ್ಪ ಬೇಸರವೇ ಆಗುತ್ತದೆ.

ಈ ಎಚ್ಚರಿಕೆ ಎಲ್ಲ ಪರೀಕ್ಷೆಗಳಲ್ಲಿಯೂ ಆಧಾರವಿಲ್ಲದ್ದೇನಲ್ಲ. ಕೇಂದ್ರ ಲೋಕಸೇವಾ ಆಯೋಗದ ಪ್ರಿಲಿಮ್ಸ್‌ನಲ್ಲಿಯೂ ನಾಲ್ಕೇ ಆಯ್ಕೆಗಳಿರುತ್ತವೆ, ಆದರೆ ಅಲ್ಲಿ ತಪ್ಪಿಗೆ ಕಳೆಯುವುದು ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ. ಆಗ ಮೂರು ತಪ್ಪುಗಳು ಒಂದು ಸರಿಯುತ್ತರವನ್ನು ಪೂರ್ತಿಯಾಗಿ ನುಂಗಿ, ಕುರುಡು ಊಹೆಯ ಸರಾಸರಿ ಲಾಭ ಸೊನ್ನೆಗೆ ಇಳಿಯುತ್ತದೆ. ಅಮೆರಿಕದ ಸ್ಯಾಟ್ ಪರೀಕ್ಷೆಯಲ್ಲಿ 2016ರವರೆಗೆ ಐದು ಆಯ್ಕೆಗಳೂ ಕಾಲು ಅಂಕದ ಕಡಿತವೂ ಇದ್ದವು. ಅಲ್ಲಿಯೂ ಇದೇ ಸೊನ್ನೆ. ನೀಟ್‌ನಲ್ಲಿ ಕಡಿತ ನಾಲ್ಕನೇ ಒಂದು ಭಾಗವಾಗಿದ್ದು ಆಯ್ಕೆಗಳೂ ನಾಲ್ಕೇ ಇರುವುದರಿಂದ ತಕ್ಕಡಿ ವಿದ್ಯಾರ್ಥಿಯ ಕಡೆಗೆ ತುಸು ವಾಲಿದೆ. ಐಎಎಸ್‌ಗೆ ಓದಿದ ಚಿಕ್ಕಪ್ಪನ ಎಚ್ಚರಿಕೆ ಅವರ ಪರೀಕ್ಷೆಗೆ ಸಲ್ಲುವಂಥದ್ದು. ಅದನ್ನು ತಂದು ನೀಟ್‌ನ ಮೇಲೆ ಹೊರಿಸಬಾರದು.

ಇಲ್ಲಿಗೆ ಬರುವಷ್ಟರಲ್ಲಿ ‘ಸರಾಸರಿಯೆಲ್ಲ ಸರಿ, ಆ ದಿನ ನನ್ನ ಮಗಳಿಗೇ ನಷ್ಟವಾದರೆ?’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೂ ಲೆಕ್ಕವಿದೆ. 20 ಪ್ರಶ್ನೆಗಳಿಗೆ ಪೂರ್ತಿ ಕುರುಡಾಗಿ ಉತ್ತರಿಸಿದರೆ ನಿವ್ವಳ ನಷ್ಟವಾಗುವ ಸಂಭವ ನೂರಕ್ಕೆ ಸುಮಾರು 23, ಲಾಭವೂ ಇಲ್ಲ ನಷ್ಟವೂ ಇಲ್ಲ ಎಂಬ ಸಂಭವ ಸುಮಾರು 19, ಉಳಿದಂತೆ ಲಾಭವೇ. ಈ ಲಾಭವೂ ಸರಾಸರಿ 5 ಅಂಕದಷ್ಟೇ ಆದ್ದರಿಂದ, ಕುರುಡು ಊಹೆಯನ್ನು ನಾನೂ ಹುರಿದುಂಬಿಸುವುದಿಲ್ಲ. ಸಮಾನ ಅಂಕ ಪಡೆದವರ ನಡುವೆ ರ‍್ಯಾಂಕ್ ನಿರ್ಧರಿಸುವಾಗ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ಅಂಕಗಳನ್ನು ನೋಡಿದ ಮೇಲೆ ತಪ್ಪು ಮತ್ತು ಸರಿಯುತ್ತರಗಳ ಅನುಪಾತವನ್ನೂ ನೋಡುವ ನಿಯಮ ಇತ್ತೀಚಿನ ವರ್ಷಗಳಲ್ಲಿ ಇದ್ದುದರಿಂದ, ವೃಥಾ ತಪ್ಪುಗಳಿಗೆ ಅಲ್ಪಸ್ವಲ್ಪ ಬೆಲೆ ತೆರಬೇಕಾದ ಸಂದರ್ಭವೂ ಬರಬಹುದು.

ಆದರೆ ‘ಮುಟ್ಟಲೇಬಾರದು’ ಎಂಬ ಉಪದೇಶ ನಿಜವಾಗಿ ಕೊಲ್ಲುವುದು ಕುರುಡು ಊಹೆಯನ್ನಲ್ಲ, ಅರ್ಧ ತಿಳಿವಳಿಕೆಯನ್ನು. ಜೀವಶಾಸ್ತ್ರದಲ್ಲಿ ಬರುವ ‘ಹೊಂದಿಸಿ’ ಮಾದರಿಯ ಪ್ರಶ್ನೆಯೊಂದನ್ನು ತೆಗೆದುಕೊಳ್ಳಿ. ಒಂದು ಪಟ್ಟಿಯಲ್ಲಿ ಇನ್ಸುಲಿನ್, ಮೆಲಟೋನಿನ್, ಥೈಮೋಸಿನ್, ಅಡ್ರಿನಲಿನ್ ಎಂಬ ನಾಲ್ಕು ಹಾರ್ಮೋನುಗಳು. ಇನ್ನೊಂದರಲ್ಲಿ ಅವುಗಳನ್ನು ಸ್ರವಿಸುವ ಗ್ರಂಥಿಗಳು. ಕೆಳಗೆ ನಾಲ್ಕು ಜೋಡಣೆಗಳು. ಮೆಲಟೋನಿನ್ ಪೀನಿಯಲ್ ಗ್ರಂಥಿಯದೋ ಥೈಮಸ್‌ನದೋ ಎಂಬುದು ವಿದ್ಯಾರ್ಥಿನಿಗೆ ಮರೆತುಹೋಗಿದೆ, ಥೈಮೋಸಿನ್ ಎಂಬ ಹೆಸರೂ ಆ ಗಳಿಗೆಯಲ್ಲಿ ಅವಳಿಗೆ ಏನನ್ನೂ ಹೇಳುತ್ತಿಲ್ಲ. ಆದರೆ ಇನ್ಸುಲಿನ್ ಮೇದೋಜೀರಕ ಗ್ರಂಥಿಯದೆಂಬುದು ಹತ್ತನೇ ತರಗತಿಯಿಂದಲೂ ಗೊತ್ತು. ಆ ಒಂದು ಜೋಡಿಯನ್ನು ತಪ್ಪಾಗಿ ಕೊಟ್ಟಿರುವ ಎರಡು ಆಯ್ಕೆಗಳು ಅಲ್ಲಿಯೇ ಹೊಡೆದುಹೋದರೆ ಉಳಿಯುವುದು ಎರಡು. ಈಗ ಪ್ರತಿ ಪ್ರಶ್ನೆಯ ಸರಾಸರಿ ಲಾಭ ಕಾಲು ಅಂಕವಲ್ಲ, ಒಂದೂವರೆ ಅಂಕ. ಇಂಥ 20 ಪ್ರಶ್ನೆಗಳಿಗೆ ಉತ್ತರಿಸಿದರೆ ಸರಾಸರಿ 30 ಅಂಕ ಸಿಗುತ್ತದೆ, ನಿವ್ವಳ ನಷ್ಟವಾಗುವ ಸಂಭವ ಸಾವಿರಕ್ಕೆ ಎರಡಕ್ಕಿಂತಲೂ ಕಡಿಮೆ. ‘ಖಚಿತವಾಗಿ ಗೊತ್ತಿಲ್ಲ, ಬಿಟ್ಟುಬಿಡುತ್ತೇನೆ’ ಎಂದು ಎದ್ದುಬರುವ ಮಕ್ಕಳು ಬಿಟ್ಟುಬರುವುದು ಆ 30 ಅಂಕಗಳನ್ನು. ಭೌತಶಾಸ್ತ್ರದಲ್ಲಿಯೂ ಹೀಗೆಯೇ: ತಂತಿಯ ಮೇಲೆ ಸಾಗುವ ಅಲೆಯ ವೇಗದ ಸೂತ್ರ ನೆನಪಿಲ್ಲದಿದ್ದರೂ, ಕೊಟ್ಟಿರುವ ನಾಲ್ಕು ಸೂತ್ರಗಳ ಆಯಾಮಗಳನ್ನು ಪರೀಕ್ಷಿಸಿದರೆ ವೇಗದ ಆಯಾಮವೇ ಇಲ್ಲದವು ತಾವಾಗಿಯೇ ಹೊರಬೀಳುತ್ತವೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ನಾನೇ ಕೊಡಬೇಕು. ಮೇಲಿನ ಲೆಕ್ಕವೆಲ್ಲ ಊಹೆಯು ಆಯ್ಕೆಗಳ ನಡುವೆ ಪಕ್ಷಪಾತ ಮಾಡುವುದಿಲ್ಲ ಎಂಬ ಷರತ್ತಿನ ಮೇಲೆ ನಿಂತಿದೆ. ಪ್ರಶ್ನೆ ತೆಗೆಯುವವರು ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬಿಸುವುದಿಲ್ಲ. ಏಕಮಾನ ಬದಲಿಸಲು ಮರೆತವರಿಗೆ ಬರುವ ಉತ್ತರ, ‘ಸರಿಯಲ್ಲದ ಹೇಳಿಕೆ ಯಾವುದು’ ಎಂಬಲ್ಲಿ ‘ಅಲ್ಲದ’ ಎಂಬುದನ್ನು ನುಂಗಿಕೊಂಡು ಓದಿದವರಿಗೆ ಬರುವ ಉತ್ತರ, ಇವೆರಡೂ ಅಲ್ಲಿ ಕಾದು ಕುಳಿತಿರುತ್ತವೆ. ಹೀಗಾಗಿ ಹೆಚ್ಚಿನ ಮಕ್ಕಳ ಉತ್ತರಪತ್ರಿಕೆಯಲ್ಲಿ ನಾನು ಕಂಡಂತೆ ಋಣಾತ್ಮಕ ಅಂಕದ ದೊಡ್ಡ ಪಾಲು ಬರುವುದು ಊಹಿಸಿದ ಪ್ರಶ್ನೆಗಳಿಂದಲ್ಲ, ‘ಇದು ನನಗೆ ಗೊತ್ತು’ ಎಂದು ಅರ್ಧ ಓದಿ ಗುರುತಿಸಿದ ಪ್ರಶ್ನೆಗಳಿಂದ. ಅವುಗಳನ್ನು ‘ಮುಟ್ಟಬೇಡ’ ಎಂಬ ಉಪದೇಶ ತಡೆಯಲಾರದು, ಏಕೆಂದರೆ ಅಲ್ಲಿ ವಿದ್ಯಾರ್ಥಿಗೆ ಸಂದೇಹವೇ ಬಂದಿರುವುದಿಲ್ಲ.

ನಿಮ್ಮ ಮಗಳು ಯಾವ ಬಗೆಯವಳೆಂಬುದನ್ನು ತಿಳಿಯುವುದಕ್ಕೆ ನನ್ನ ಮಾತಾಗಲಿ ಕೋಚಿಂಗ್‌ನವರ ಮಾತಾಗಲಿ ಬೇಕಿಲ್ಲ. ಮಾದರಿ ಪರೀಕ್ಷೆ ಬರೆಯುವಾಗ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಒಂದು ಅಕ್ಷರ ಬರೆದುಕೊಳ್ಳಲಿ: ಖಚಿತವಾದರೆ ‘ಖ’, ಎರಡರಲ್ಲಿ ಒಂದು ಎನಿಸಿದರೆ ‘ಎ’, ಬರಿಯ ಊಹೆಯಾದರೆ ‘ಊ’. ಪರೀಕ್ಷೆ ಮುಗಿದ ಮೇಲೆ ಒಟ್ಟು ಅಂಕವನ್ನು ನೋಡುವ ಮೊದಲು ಈ ಮೂರು ಗುಂಪುಗಳಲ್ಲಿ ಪ್ರತ್ಯೇಕವಾಗಿ ಎಷ್ಟು ಸರಿ, ಎಷ್ಟು ತಪ್ಪು ಎಂದು ಎಣಿಸಲಿ. ಯಾವುದೇ ಗುಂಪಿನಲ್ಲಿ ಐದಕ್ಕೆ ಒಂದಕ್ಕಿಂತ ಹೆಚ್ಚು ಸರಿಯಾಗುತ್ತಿದ್ದರೆ ಆ ಗುಂಪಿಗೆ ಉತ್ತರಿಸುವುದು ಲಾಭ, ಕಡಿಮೆಯಾದರೆ ಬಿಡುವುದು ಲೇಸು. ಐದಕ್ಕೆ ಸರಿಯಾಗಿ ಒಂದಾದರೆ ನಾಲ್ಕು ಅಂಕ ಬಂದು ನಾಲ್ಕು ಹೋಗುತ್ತದೆ. ನಾಲ್ಕಾರು ಮಾದರಿ ಪರೀಕ್ಷೆಗಳ ಲೆಕ್ಕ ಕೂಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ‘ಖ’ ಗುಂಪಿನಲ್ಲಿ ಹತ್ತಕ್ಕೆ ಎರಡು ಮೂರು ತಪ್ಪುತ್ತಿದ್ದರೆ, ಚಿಂತಿಸಬೇಕಾದದ್ದು ಊಹೆಯ ಬಗ್ಗೆ ಅಲ್ಲವೆಂಬುದು ಆಗ ಯಾರೂ ಹೇಳದೆಯೇ ತಿಳಿಯುತ್ತದೆ.

ಇನ್ನು, ನೀವು ಕೇಳದಿದ್ದರೂ ಹೇಳದೆ ಬಿಡಲಾಗದ ವಿಷಯವೆಂದರೆ ಒಎಂಆರ್ ಹಾಳೆ. ಉತ್ತರಗಳನ್ನೆಲ್ಲ ಪ್ರಶ್ನೆಪತ್ರಿಕೆಯಲ್ಲಿಯೇ ಗುರುತು ಮಾಡಿಕೊಂಡು, ಕೊನೆಯಲ್ಲಿ ಒಟ್ಟಿಗೆ ವೃತ್ತಗಳನ್ನು ತುಂಬುವ ಅಭ್ಯಾಸ ಬಹಳ ಮಕ್ಕಳಲ್ಲಿದೆ. ಒಂದು ವೃತ್ತಕ್ಕೆ ಐದು ಸೆಕೆಂಡೆಂದರೂ 180ಕ್ಕೆ 15 ನಿಮಿಷ ಬೇಕು, ಒಟ್ಟು ಅವಧಿಯೇ 180 ನಿಮಿಷ. ಸಮಯಕ್ಕಿಂತ ದೊಡ್ಡ ಅಪಾಯ ಜಾರುವುದರದು: ಬಿಟ್ಟಿದ್ದ 63ನೇ ಪ್ರಶ್ನೆಯ ಸಾಲಿನಲ್ಲಿ 64ರ ಉತ್ತರ ಬಿದ್ದರೆ ಅಲ್ಲಿಂದ ಮುಂದಿನದೆಲ್ಲ ಒಂದೊಂದು ಸಾಲು ಮೇಲೆ ಹೋಗುತ್ತದೆ, ಬಾಲ್‌ಪಾಯಿಂಟ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸುವಂತಿಲ್ಲ, ತಿದ್ದಲು ಹೋಗಿ ಇನ್ನೊಂದು ವೃತ್ತ ತುಂಬಿದರೆ ಎರಡು ಉತ್ತರ ಗುರುತಿಸಿದಂತಾಗಿ ಅಂಕ ಸಿಗುವುದಿಲ್ಲ. ಪ್ರಶ್ನೆಪತ್ರಿಕೆಯ ಪುಟವೊಂದು ಮುಗಿಯುತ್ತಲೇ ಆ ಪುಟದ ಖಚಿತ ಉತ್ತರಗಳನ್ನು ತುಂಬಿ, ಬಿಟ್ಟ ಪ್ರಶ್ನೆಗಳ ಸಂಖ್ಯೆಗೆ ಪತ್ರಿಕೆಯಲ್ಲಿಯೇ ಸುತ್ತು ಹಾಕಿ ಮುಂದೆ ಹೋಗುವುದು ನಾನು ಕಂಡ ಉತ್ತಮ ಕ್ರಮ. ‘ಎ’ ಗುಂಪಿನವು ಎರಡನೇ ಸುತ್ತಿಗೆ ಇರಲಿ. ಮನಸ್ಸು ಬದಲಿಸುವುದಿದ್ದರೆ ವೃತ್ತ ತುಂಬುವ ಮೊದಲೇ ಬದಲಿಸಬೇಕು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷವಿರುವುದರಿಂದ ಕೊನೆಯ ಐದು ನಿಮಿಷವನ್ನು ಎತ್ತಿಟ್ಟು, ಹಾಳೆಯ ಪ್ರತಿ ಕಂಬಸಾಲಿನ ಮೇಲೆ ಬೆರಳಿಟ್ಟು ಇಳಿದು, ಖಾಲಿ ಉಳಿದ ಸಾಲುಗಳನ್ನೆಲ್ಲ ತುಂಬಿಯೇ ಹಾಳೆ ಒಪ್ಪಿಸಲಿ.