28 ಬೋರ್ ಕೋವಿಗೆ ಒಂಟಿ ಗುಂಡು: ತೂಕದ ಲೆಕ್ಕ ಎಲ್ಲಿ ತಪ್ಪುತ್ತದೆ

ಬೋರ್ ಸಂಖ್ಯೆ ಎಂದರೆ ಒಂದು ಪೌಂಡ್ ಸೀಸದಲ್ಲಿ, ಅಂದರೆ 453.6 ಗ್ರಾಂನಲ್ಲಿ, ಆ ನಳಿಗೆಯಷ್ಟೇ ಅಗಲದ ಗುಂಡು ಎಷ್ಟಾಗುತ್ತವೆ ಎಂಬ ಎಣಿಕೆ. 12 ಬೋರ್‌ಗೆ 12, 28ಕ್ಕೆ 28. ಸಂಖ್ಯೆ ಏರಿದಷ್ಟೂ ನಳಿಗೆ ಸಣ್ಣದು. .410 ಮಾತ್ರ ನೇರ ಇಂಚಿನ ಅಳತೆ. ಕೆಲವು ತೋಟಾಗಳ ಮೇಲೆ ಅದನ್ನು 36 ಎಂದು ಅಚ್ಚು ಹಾಕಿರುತ್ತಾರೆ, ಲೆಕ್ಕ ಹಾಕಿದರೆ ಬರುವುದು ಸುಮಾರು 68.

ಒಂದು ಮಾತು ಮೊದಲೇ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ತಯಾರಿಕೆಯ ಲೈಸೆನ್ಸ್ ಅಲ್ಲ. ಇಲ್ಲಿರುವುದು ಗುಂಡಿನ ಲೆಕ್ಕ ಮಾತ್ರ.

ಎಡವುವ ಜಾಗ

14 ಬೋರ್‌ಗಿಂತ 28 ಬೋರ್ ಅರ್ಧ ಅಗಲ ಎಂದು ಮನಸ್ಸು ತಾನಾಗಿ ಹೇಳಿಬಿಡುತ್ತದೆ. ಹಾಗಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೆಜಿಗೆ ನಾಲ್ಕು ತೂಗುವ ಹಣ್ಣನ್ನೂ ಎಂಟು ತೂಗುವ ಹಣ್ಣನ್ನೂ ಅಕ್ಕಪಕ್ಕ ಇಟ್ಟು ನೋಡಿ. ತೂಕ ಅರ್ಧಕ್ಕರ್ಧ ಇಳಿದಿದೆ, ಅಡ್ಡಳತೆ ಮಾತ್ರ ಐದರಲ್ಲಿ ಒಂದು ಪಾಲು ಇಳಿದಿದೆ. ಹಣ್ಣು ಉದ್ದ, ಅಗಲ, ಎತ್ತರ ಮೂರೂ ಕಡೆ ಕುಗ್ಗಿರುತ್ತದೆ, ಕಣ್ಣು ಒಂದು ಕಡೆ ಮಾತ್ರ ನೋಡುತ್ತದೆ. ಗುಂಡಿನದೂ ಅದೇ ಕಥೆ: 14 ಬೋರ್ 17.6 ಮಿಮೀ, 28 ಬೋರ್ 13.97 ಮಿಮೀ.

ಸೂತ್ರ ಬರುವ ದಾರಿ ಹೀಗೆ. ಸೀಸದ ಸಾಂದ್ರತೆ ಘನ ಸೆಂಮೀಗೆ 11.34 ಗ್ರಾಂ. 453.6ನ್ನು ಅದರಿಂದ ಭಾಗಿಸಿದರೆ ಸರಿಯಾಗಿ 40 ಘನ ಸೆಂಮೀ. ಇದೊಂದು ನೆನಪಿದ್ದರೆ ಸಾಕು, ಒಂದು ಗುಂಡಿನ ಗಾತ್ರ 40/ಬೋರ್. ಅಲ್ಲಿಂದ:

ವ್ಯಾಸ (ಮಿಮೀ) = 42.43 ÷ ಬೋರ್ ಸಂಖ್ಯೆಯ ಘನಮೂಲ
ತೂಕ (ಗ್ರಾಂ) = 5.94 × ವ್ಯಾಸದ ಘನ (ವ್ಯಾಸ ಸೆಂಮೀನಲ್ಲಿ)

12ಕ್ಕೆ 18.53 ಮಿಮೀ, 20ಕ್ಕೆ 15.63, 28ಕ್ಕೆ 13.97.

ಹಾಗಾದರೆ 28 ಬೋರ್ ಗುಂಡು 16.2 ಗ್ರಾಂ ತಾನೇ? ಪುಸ್ತಕದಲ್ಲಿ ಹೌದು, ತೋಟಾದಲ್ಲಿ ಇಲ್ಲ. ನಳಿಗೆಯ ಬಾಯಲ್ಲಿ ಚೋಕ್ ಇದ್ದರೆ ಅಲ್ಲಿ ಕಿರಿದಾಗಿರುತ್ತದೆ, ಗುಂಡು ಆ ಕಿರಿದಾದ ಜಾಗದಲ್ಲೂ ಸಲೀಸಾಗಿ ಹಾಯಬೇಕು. ಅಳೆದಾಗ ಬಾಯಿ 13.4 ಮಿಮೀ ಬಂತು ಎನ್ನಿ. ಗುಂಡನ್ನು ಸುತ್ತುವ ಪ್ಲಾಸ್ಟಿಕ್ ವ್ಯಾಡ್‌ನ ಎಸಳು 0.5 ಮಿಮೀ ದಪ್ಪ. ಅದನ್ನು ಒಂದು ಸಲ ಕಳೆದು ಬಿಡುವುದು ಎಲ್ಲರೂ ಮಾಡುವ ತಪ್ಪು. ಎಸಳು ಎರಡೂ ಬದಿಗೆ ಇರುತ್ತದೆ, ಕಳೆಯಬೇಕಾದ್ದು 1 ಮಿಮೀ. ಉಳಿದದ್ದು 12.4. ಅದರೊಳಗೆ 12 ಮಿಮೀ ಗುಂಡು ಕೂರುತ್ತದೆ. ತೂಕ: 5.94 × 1.728 = 10.26 ಗ್ರಾಂ. ವ್ಯಾಸ ಶೇ 14 ಇಳಿದರೆ ತೂಕ ಶೇ 37 ಮಾಯ! ಬೋರ್ ಭಾಷೆಯಲ್ಲಿ ಹೇಳಿದರೆ 28ರ ನಳಿಗೆಯಲ್ಲಿ ಓಡುತ್ತಿರುವುದು 44ರ ಗುಂಡು.

ಗುಂಡು ಹಗುರಾಯಿತು, ಮದ್ದು ಹೆಚ್ಚಿಸಬಹುದು ಎಂಬ ತೀರ್ಮಾನ ಇಲ್ಲಿಂದ ಹೊರಡುವುದಿಲ್ಲ. ಮದ್ದಿನ ಪ್ರಮಾಣ ತೋಟಾದ ಕೊಳವೆ, ವ್ಯಾಡ್, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಇಷ್ಟೂ ಸೇರಿಸಿ ಪರೀಕ್ಷಿಸಿದ ಕೋಷ್ಟಕದಿಂದ ಬರುವಂಥದ್ದು. ಒಂದು ಭಾಗ ಬದಲಾದರೂ ಒತ್ತಡ ಬದಲಾಗುತ್ತದೆ.

ಬೋರ್ ಬೆರೆಸಬಾರದು

20 ಬೋರ್ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ 12ರದು ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. 20ರ ತೋಟಾಕ್ಕೆ ಹಳದಿ ಬಣ್ಣ ಇರುವುದು ಇದಕ್ಕೇ.

ತೂಗಿ ನೋಡುವುದು

ಹತ್ತು ಗುಂಡು ಒಂದೊಂದಾಗಿ ತೂಗಿ. ವ್ಯಾಸ ಸರಿಯಿದ್ದೂ ಹತ್ತೂ ಲೆಕ್ಕಕ್ಕಿಂತ ಒಂದೇ ಸಮ ಹಗುರವಾಗಿದ್ದರೆ ಸೀಸದಲ್ಲಿ ತವರವೋ ಆಂಟಿಮನಿಯೋ ಬೆರೆತಿದೆ. ಒಂದು ಮಾತ್ರ ಹಗುರವಾದರೆ ಒಳಗೆ ಪೊಳ್ಳು. ಸೀಸ ತಣಿಯುವಾಗ ಕುಗ್ಗುತ್ತದೆ, ಅಚ್ಚಿನ ಬಾಯಿ ಮೊದಲೇ ಗಟ್ಟಿಯಾದರೆ ಮೇಲಿನಿಂದ ತುಂಬಿಕೊಳ್ಳಲು ಏನೂ ಉಳಿದಿರುವುದಿಲ್ಲ. ಪೊಳ್ಳಿದ್ದರೆ ಭಾರದ ಕೇಂದ್ರ ನಡುವೆ ಇರದು.

ಆದರೆ 3 ಮಿಮೀ ಪೊಳ್ಳು ಕದಿಯುವುದು 0.16 ಗ್ರಾಂ ಮಾತ್ರ, ಚಿನ್ನ ತೂಗುವಂಥ ತಕ್ಕಡಿಯೇ ಬೇಕು. ವ್ಯಾಸದಲ್ಲಿ 0.1 ಮಿಮೀ ವ್ಯತ್ಯಾಸ ಬಂದರೆ ತೂಕ 0.26 ಗ್ರಾಂ ಏರುಪೇರಾಗುತ್ತದೆ, ಪೊಳ್ಳಿಗಿಂತ ಹೆಚ್ಚು. ಆದ್ದರಿಂದ ಮೊದಲು ಮೈಕ್ರೋಮೀಟರ್, ಅದೂ ಗುಂಡನ್ನು ತಿರುಗಿಸಿ ಮೂರು ಕಡೆ, ತಕ್ಕಡಿ ಆಮೇಲೆ.