ರೊಕ್ಕ ಈ ಚೀಟಿಯಾಗ ಇರ್ತದೇನು?

ಲಾರಿ ಚಕ್ರದಿಂದ ಹಾರಿದ ಕಲ್ಲು ಬಡಿದು ನಮ್ಮ ಕಾಕಾನ ಕಾರಿನ ಮುಂದಿನ ಗಾಜು ಬಿರುಕು ಬಿಟ್ಟಿತ್ತು. ಕಲಬುರಗಿಯಲ್ಲಿ ಗಾಜು ಬದಲಾಯಿಸಿದ ಹುಡುಗ ಹಳೇ ಗಾಜಿನ ಮೇಲಿದ್ದ ಫಾಸ್ಟ್ಯಾಗ್ ಅನ್ನು ಬ್ಲೇಡಿನಿಂದ ಎಬ್ಬಿಸಿ, ಜೋಪಾನವಾಗಿ ಕೈಗಿಟ್ಟ. ಕಾಕಾ ಅದನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡರು. ಮರುವಾರ ಹುಮನಾಬಾದ್ ದಾಟಿ ಹೈದರಾಬಾದ್ ಕಡೆ ಹೊರಟರೆ ಟೋಲ್ ಗೇಟು ಏಳಲಿಲ್ಲ.

ಕಾಕಾ ಟ್ಯಾಗನ್ನು ಕೈಯಲ್ಲಿ ಎತ್ತಿ ಹಿಡಿದರು. ಟೋಲ್ ಹುಡುಗ ಸಣ್ಣ ಯಂತ್ರ ತಂದು ಹತ್ತಿರ ಹಿಡಿದ. ಊಹೂಂ. ಹಿಂದೆ ಲಾರಿಯವರ ಹಾರ್ನ್ ಶುರುವಾಯಿತು.

‘ಬರವಲ್ದು ಸರ, ನಗದು ಕೊಟ್ರ ಡಬಲ್ ಆಗ್ತದ. ಯುಪಿಐ ಮಾಡ್ರಿ, ಒಂದೂಕಾಲು ಪಟ್ಟು.’

ಮೊಬೈಲಿನಲ್ಲಿ ಕೊಟ್ಟು ಮುಂದೆ ಹೋದೆವು. ಕಾಕಾನಿಗೆ ಸಿಟ್ಟು ಇಳಿದಿರಲಿಲ್ಲ. ‘ರೀಚಾರ್ಜ್ ಮಾಡೀನಲ್ಲಪಾ. ರೊಕ್ಕ ಈ ಚೀಟಿಯಾಗ ಇರ್ತದೇನು, ಬ್ಯಾಂಕಿನಾಗ ಇರ್ತದೇನು?’

ಒಳ್ಳೆ ಪ್ರಶ್ನೆ. ಚೀಟಿಯಲ್ಲಿ ರೊಕ್ಕ ಇರುವುದಿಲ್ಲ, ಬ್ಯಾಟರಿಯೂ ಇರುವುದಿಲ್ಲ. ಇರುವುದು ಸಾಸಿವೆ ಕಾಳಿಗಿಂತ ಸಣ್ಣ ಚಿಪ್, ಅದಕ್ಕೆ ಅಂಟಿದ ತೆಳು ಲೋಹದ ಆಂಟೆನಾ. ಚಿಪ್‌ನಲ್ಲಿ ಮುಖ್ಯವಾಗಿ ಒಂದು ನಂಬರ್. ಅಷ್ಟೇ.

ಬ್ಯಾಟರಿ ಇಲ್ಲದೆ ಅದು ಮಾತಾಡುವುದು ಹೇಗೆ? ಲೇನ್ ಮೇಲಿನ ಆಂಟೆನಾ 865ರಿಂದ 867 ಮೆಗಾಹರ್ಟ್ಸ್ ನಡುವಿನ ರೇಡಿಯೊ ಅಲೆ ಬಿಡುತ್ತಿರುತ್ತದೆ. ಆ ಅಲೆಯಿಂದಲೇ ಚಿಪ್ ಎಚ್ಚರವಾಗುತ್ತದೆ. ಅದಕ್ಕೆ ಬೇಕಾಗುವುದು ಒಂದು ವ್ಯಾಟ್‌ನ ಲಕ್ಷದಲ್ಲೊಂದು ಭಾಗದಷ್ಟು ಶಕ್ತಿ. ಉತ್ತರ ಕೊಡಲು ಅದು ತನ್ನದೇ ಅಲೆ ಬಿಡುವುದಿಲ್ಲ. ಬಂದ ಅಲೆಯನ್ನೇ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ವಾಪಸ್ ಎಸೆಯುತ್ತದೆ. ನಮ್ಮ ಕಡೆ ತಾಂಡಾದ ಲಂಬಾಣಿ ಹೆಣ್ಣುಮಕ್ಕಳು ಬಿಸಿಲಲ್ಲಿ ನಡೆದು ಬರುವಾಗ ಲಂಗದ ಕನ್ನಡಿ ಬಿಲ್ಲೆಗಳು ಮಿಣಮಿಣ ಅನ್ನುತ್ತವಲ್ಲ, ಹಾಗೆ. ಬಿಲ್ಲೆಯಲ್ಲಿ ದೀಪವಿಲ್ಲ, ಬೆಳಕು ಸೂರ್ಯನದು. ಟ್ಯಾಗ್ ಮಾತ್ರ ಈ ಮಿಣುಕನ್ನು ಲೆಕ್ಕ ಹಾಕಿ, ಸೊನ್ನೆ-ಒಂದುಗಳ ಸಾಲಾಗಿ ಮಿಣುಕಿಸುತ್ತದೆ. ಇದು ಹೊಸ ವಿಚಾರವೇನಲ್ಲ. ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ 1948ರಲ್ಲೇ ಹೀಗೆ ವಾಪಸ್ ಬರುವ ಅಲೆಯಲ್ಲಿ ಸಂದೇಶ ಕಳಿಸುವ ಬಗ್ಗೆ ಪ್ರಬಂಧ ಬರೆದಿದ್ದರು. ಚಿಪ್ ಅಗ್ಗವಾಗುವವರೆಗೆ ಕಾಯಬೇಕಾಯಿತು.

ಒಂದೇ ಸಲಕ್ಕೆ ನಾಲ್ಕು ಗಾಡಿಯ ಟ್ಯಾಗ್‌ಗಳು ಉತ್ತರ ಕೊಟ್ಟರೆ? ಸಂತೆ ಗದ್ದಲ ಆಗಬೇಕಿತ್ತು. ಅದಕ್ಕೆ ರೀಡರ್, ಅಂದರೆ ಟ್ಯಾಗ್ ಓದುವ ಟೋಲಿನ ಯಂತ್ರ, ‘ಇಷ್ಟು ಪಾಳಿ ಇವೆ’ ಎಂದು ಸಾರುತ್ತದೆ. ಪ್ರತಿ ಟ್ಯಾಗ್ ಮನಸ್ಸಿಗೆ ಬಂದ ಒಂದು ಪಾಳಿ ಆರಿಸಿಕೊಳ್ಳುತ್ತದೆ. ಇಬ್ಬರದೂ ಒಂದೇ ಬಂದರೆ ಮತ್ತೆ ಚೀಟಿ ಎತ್ತಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ಇದರ ಮೂಲ 1970ರ ದಶಕದ ಶುರುವಿನಲ್ಲಿ ಹವಾಯಿ ದ್ವೀಪಗಳ ಕಂಪ್ಯೂಟರ್‌ಗಳನ್ನು ರೇಡಿಯೊದಿಂದ ಜೋಡಿಸಿದ ಅಲೋಹಾನೆಟ್.

ಮುಂದಿನದು ಬ್ಯಾಂಕಿನ ಕೆಲಸ. ನಂಬರ್ ಸರಿಯಿದೆ, ತಡೆಹಿಡಿದ ಪಟ್ಟಿಯಲ್ಲಿ ಇಲ್ಲ ಎಂದರೆ ಗೇಟು ಏಳುತ್ತದೆ. ರೊಕ್ಕದ ಲೆಕ್ಕ ಟೋಲಿನ ಬ್ಯಾಂಕಿನಿಂದ, ಬ್ಯಾಂಕುಗಳ ನಡುವೆ ಪಾವತಿ ಸಾಗಿಸುವ ಎನ್‌ಪಿಸಿಐ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಮೆಸೇಜು ಒಮ್ಮೊಮ್ಮೆ ಮುಂದಿನ ಊರಿನ ಢಾಬಾದಲ್ಲಿ ಚಹಾ ಕುಡಿಯುವಾಗ ಬರುವುದು ಇದಕ್ಕೇ.

ಹಾಗಾದರೆ ಕಾಕಾನ ಟ್ಯಾಗ್ ಯಾಕೆ ಸುಮ್ನಿತ್ತು? ಮನೆಗೆ ಬಂದು ಅದನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಳಗೆ ಹಾವಿನಂತೆ ಸುತ್ತಿದ ಬೆಳ್ಳಿ ಬಣ್ಣದ ಗೆರೆ ಕಂಡಿತು. ಥೇಟ್ ಬಿದರಿ ಹೂದಾನಿಯ ಮೇಲಿನ ಬೆಳ್ಳಿ ತಂತಿಯ ಹಾಗೆ. ಬಿದರಿಯಲ್ಲಿ ಆ ಗೆರೆ ಅಂದಕ್ಕೆ, ಇಲ್ಲಿ ಅದೇ ಕಿವಿ, ಅದೇ ಬಾಯಿ. ಆ ಅಲೆಯ ಉದ್ದ ಸುಮಾರು 35 ಸೆಂ.ಮೀ. ಆಂಟೆನಾ ಅದರ ಅರ್ಧದಷ್ಟು ಇದ್ದರೆ ಚೆನ್ನ. ಅಷ್ಟುದ್ದವನ್ನು ಅಂಗೈಯಷ್ಟು ಚೀಟಿಯಲ್ಲಿ ಕೂರಿಸಬೇಕೆಂದೇ ಈ ಸುತ್ತು. ಬ್ಲೇಡು ಆಡಿದ ಕಡೆ, ಚಿಪ್‌ನ ಪಕ್ಕದಲ್ಲೇ, ಗೆರೆ ಹರಿದಿತ್ತು.

ಹರಿಯಲೆಂದೇ ಅದನ್ನು ಮಾಡಿರುವುದು. ಕಾರಿನ ಟ್ಯಾಗನ್ನು ಕಿತ್ತು ಲಾರಿಗೆ ಅಂಟಿಸಿದರೆ ಕಾರಿನ ರೇಟಿನಲ್ಲಿ ಲಾರಿ ಪಾರಾಗುತ್ತದಲ್ವಾ! ಹರಿಯದಿದ್ದರೂ ಕೈಯಲ್ಲಿ ಹಿಡಿದದ್ದು ತಪ್ಪೇ. ಗಾಜಿಗೆ ಅಂಟಿದಾಗ ಚೆನ್ನಾಗಿ ಕೆಲಸ ಮಾಡುವಂತೆ ಅದರ ಶ್ರುತಿ ಹೊಂದಿಸಿರುತ್ತಾರೆ. ನಮ್ಮ ಬೆರಳಲ್ಲಿ ನೀರೇ ಜಾಸ್ತಿ, ಅದು ಆ ಶ್ರುತಿ ಕೆಡಿಸುತ್ತದೆ, ಅಲೆಯನ್ನೂ ಕುಡಿಯುತ್ತದೆ. ಗಾಜಿಗೆ ಅಂಟಿಸದ ಟ್ಯಾಗ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸಲು ಹೆದ್ದಾರಿ ಪ್ರಾಧಿಕಾರ 2025ರ ಜುಲೈಯಲ್ಲಿ ಹೇಳಿದೆ.

ಒಂದು ನಿಯಮ ಮಾತ್ರ ಎಲ್ಲರಿಗೂ ಗೊತ್ತಿರಲಿ. ಟ್ಯಾಗ್ ಸರಿಯಿದ್ದು, ರೊಕ್ಕವೂ ಇದ್ದು, ಟೋಲಿನ ಯಂತ್ರವೇ ಕೆಟ್ಟಿದ್ದರೆ ಗಾಡಿಯನ್ನು ಪುಕ್ಕಟೆ ಬಿಡಬೇಕು, ಸೊನ್ನೆ ಮೊತ್ತದ ರಸೀದಿ ಕೊಡಬೇಕು. 2018ರಿಂದಲೇ ಇದೆ. 2021ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಎಲ್ಲ ಲೇನ್‌ಗೂ ಟ್ಯಾಗ್ ಕಡ್ಡಾಯ ಮಾಡಿದ್ದು ಎಲ್ಲರಿಗೂ ಗೊತ್ತು, ಈ ರಸೀದಿ ಕೇಳಿದವರನ್ನು ನಾನಂತೂ ಕಂಡಿಲ್ಲ. ನಮ್ಮ ವಿಷಯದಲ್ಲಿ ತಪ್ಪು ಯಂತ್ರದ್ದಲ್ಲ ಬಿಡಿ.

ಕಾಕಾ ಹೊಸ ಟ್ಯಾಗ್ ತರಿಸಿದರು. ಗಾಜನ್ನು ತಾವೇ ಒರೆಸಿ, ಕನ್ನಡಿಯ ಹಿಂದೆ ಒತ್ತಿ ಅಂಟಿಸಿದರು. ಹಳೇದನ್ನು ಕಸಕ್ಕೆ ಹಾಕಲು ಕೈ ಎತ್ತಿದೆ.

‘ಒಗೀಬ್ಯಾಡೋ’ ಎಂದರು. ‘ಏನರೆ ರೊಕ್ಕ ಉಳದಿದ್ರ?’