ಸ್ಟಾರ್ ರ‍್ಯಾಪರ್‌ಗಳೆಲ್ಲ ಒಂದಾದರೆ ಆಲ್ಬಂ ಯಾಕೆ ಸಪ್ಪೆಯಾಗುತ್ತೆ?

ಮಂಡ್ಯದ ಓದುಗರೊಬ್ಬರ ಪ್ರಶ್ನೆ: "ನನಗಿಷ್ಟವಾದ ರ‍್ಯಾಪರ್‌ಗಳು ಒಬ್ಬೊಬ್ಬರೇ ಹಾಡಿದರೆ ಮೈ ಜುಮ್ಮೆನ್ನುತ್ತೆ. ಅವರೇ ನಾಲ್ಕು ಜನ ಸೇರಿ ಆಲ್ಬಂ ಮಾಡಿದರೆ ಎರಡನೇ ಸಲ ಕೇಳೋಕೆ ಮನಸ್ಸು ಬರಲ್ಲ. ಯಾಕೆ ಹೀಗೆ? ನಾವೂ ಇಲ್ಲಿ ನಾಲ್ಕು ಜನ ಸೇರಿ ಒಂದು ಟೀಮ್ ಕಟ್ಟೋಣ ಅಂತಿದ್ದೀವಿ. ಕಟ್ಟಬಹುದಾ?"

ಧಾರಾಳವಾಗಿ ಕಟ್ಟಿ. ಆದರೆ ಹೆಸರು, ಲೋಗೋ, ಟೀಶರ್ಟ್ ಎಲ್ಲಕ್ಕೂ ಮುಂಚೆ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ನಿಮ್ಮಲ್ಲಿ "ಈ ಸಾಲು ಬೇಡ, ತೆಗಿ" ಅನ್ನುವವರು ಯಾರು? ಸೂಪರ್‌ಗ್ರೂಪ್‌ಗಳು, ಅಂದರೆ ಆಗಲೇ ಹೆಸರು ಮಾಡಿದವರು ಸೇರಿ ಕಟ್ಟಿದ ಗುಂಪುಗಳು, ಮುಗ್ಗರಿಸುವುದು ಪ್ರತಿಭೆ ಸಾಲದೆ ಅಲ್ಲ. ಆ ಮಾತು ಹೇಳುವವರಿಲ್ಲದೆ, ಇಲ್ಲವೇ ಹೇಳಿದರೂ ಯಾರೂ ಕೇಳದೆ.

ಇಂಥ ಗುಂಪು ಬೇಕು ಅನ್ನಿಸುವುದು ಸಹಜವೇ. ರ‍್ಯಾಪ್ ಮೊದಲಿನಿಂದಲೂ ಪೈಪೋಟಿಯ ಕಲೆ. ಪಕ್ಕದವನು ಚೆನ್ನಾಗಿ ಬರೆದುಕೊಂಡು ಬಂದಿದ್ದಾನೆ ಅಂತ ಗೊತ್ತಾದರೆ ಸಾಕು, ನಮ್ಮ ಹಾಳೆ ಹರಿದುಹಾಕಿ ಮತ್ತೆ ಬರೆಯಬೇಕು ಅನ್ನಿಸುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಬರೆದರೆ ಆ ಕಿಚ್ಚು ಬರುವುದಿಲ್ಲ. 1996ರಲ್ಲಿ ನ್ಯೂಯಾರ್ಕ್‌ನ ರ‍್ಯಾಪರ್ ನಾಸ್ ತನ್ನ ಎರಡನೇ ಆಲ್ಬಂನಲ್ಲಿ ಏಝೀ, ಕೋರ್ಮೆಗಾ, ಫಾಕ್ಸಿ ಬ್ರೌನ್ ಮೂವರನ್ನೂ ಸೇರಿಸಿಕೊಂಡು 'ಅಫರ್ಮೇಟಿವ್ ಆ್ಯಕ್ಷನ್' ಅನ್ನುವ ಹಾಡು ಮಾಡಿದ. ನಾಲ್ಕು ದನಿ, ನಾಲ್ಕು ನಡೆ, ಒಬ್ಬರೂ ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ. ಅದನ್ನು ಕೇಳಿದವರಿಗೆ ಇವರದ್ದೇ ಒಂದು ಇಡೀ ಆಲ್ಬಂ ಬಂದರೆ ಎಷ್ಟು ಚೆಂದ ಅನ್ನಿಸದೆ ಇರುವುದಿಲ್ಲ.

ಆಲ್ಬಂ ಬಂತು. ಗುಂಪಿನ ಹೆಸರು 'ದಿ ಫರ್ಮ್'. ಅಷ್ಟು ಹೊತ್ತಿಗೆ ಕೋರ್ಮೆಗಾ ಹೊರಗೆ, ಅವನ ಜಾಗದಲ್ಲಿ ನೇಚರ್. ಬೀಟ್, ಅಂದರೆ ಹಾಡಿನ ಹಿಂದಿನ ಸಂಗೀತ, ಮಾಡಲು ಲಾಸ್ ಏಂಜಲೀಸ್‌ನ ಡಾ. ಡ್ರೇ ಒಂದು ಕಡೆ, ನ್ಯೂಯಾರ್ಕ್‌ನ ಟ್ರ್ಯಾಕ್‌ಮಾಸ್ಟರ್ಸ್ ಇನ್ನೊಂದು ಕಡೆ. 1997ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿ ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಹೋಯಿತು. ಆದರೂ ಅಭಿಮಾನಿಗಳಿಗೆ ನಿರಾಸೆ. ಇವತ್ತು ಕೇಳಿದರೂ ಎರಡು ಊರಿನ ಸದ್ದು ಒಂದರ ಮೇಲೊಂದು ಕೂತಿರುವುದು ಗೊತ್ತಾಗುತ್ತದೆ. ಗುಂಪಿನ ಎರಡನೇ ಆಲ್ಬಂ ಬರಲೇ ಇಲ್ಲ.

ಒಂದು ಹಾಡಿನಲ್ಲಿ ಮಿಂಚಿದ್ದು ಆಲ್ಬಂನಲ್ಲಿ ಯಾಕೆ ಮಂಕಾಯಿತು? ಇದಕ್ಕೆ ಲೆಕ್ಕದ ಕಾರಣವೂ ಇದೆ. ಸಾಮಾನ್ಯವಾಗಿ ಒಬ್ಬ ರ‍್ಯಾಪರ್‌ಗೆ ಸಿಗುವುದು 16 ಬಾರ್. ಒಂದು ಬಾರ್ ಅಂದರೆ ತಾಳದ ನಾಲ್ಕು ಪೆಟ್ಟು. ನಿಮಿಷಕ್ಕೆ 90 ಪೆಟ್ಟು ಬೀಳುವ ಹಾಡಿನಲ್ಲಿ ಅದು ಸುಮಾರು 43 ಸೆಕೆಂಡ್. ನಾಲ್ಕು ಜನ ಹಾಡಿದರೆ ಹತ್ತಿರ ಹತ್ತಿರ 3 ನಿಮಿಷ. ನಡುವೆ ಹುಕ್, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ, ಬೇರೆ ಬರಬೇಕು. ಅಲ್ಲಿಗೆ ಹಾಡು ಮುಗಿಯಿತು. 43 ಸೆಕೆಂಡಿನಲ್ಲಿ ಕಥೆ ಹೇಳೋದು ಕಷ್ಟ, ಬೇಜಾರು ತೋಡಿಕೊಳ್ಳೋದೂ ಕಷ್ಟ. ಸುಲಭವಾಗಿ ಹೇಳಬಹುದಾದದ್ದು ಒಂದೇ: ನಾನೇ ದೊಡ್ಡವನು. ನಾಲ್ವರೂ ಅದನ್ನೇ ಹೇಳುತ್ತಾರೆ. ಒಂದು ಹಾಡಿಗೆ ಇದು ಮಜಾ ಕೊಡುತ್ತದೆ. ಹನ್ನೆರಡು ಹಾಡಿಗೆ ತಲೆನೋವು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮಂಡ್ಯ ಸೀಮೆಯ 'ಕುರುಕ್ಷೇತ್ರ' ನಾಟಕ ನೋಡಿದವರಿಗೆಲ್ಲ ಗೊತ್ತು. ಪಾತ್ರ ಮಾಡುವವರೇ ದುಡ್ಡು ಹಾಕಿ ಆಡುವ ನಾಟಕ. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಡಿಮೆ. ಫ್ಲೆಕ್ಸ್ ಮೇಲೆ ಎಲ್ಲರ ಮುಖವೂ ಇರುತ್ತದೆ. ದುಡ್ಡು ಕೊಟ್ಟ ಮೇಲೆ ಯಾರು ತಾನೇ ಒಂದು ಮಟ್ಟು ಕಡಿಮೆ ಹಾಡುತ್ತಾರೆ? ಕೆಳಗಿನಿಂದ ನೆಂಟರು "ಒನ್ಸ್ ಮೋರ್" ಅಂತಾರೆ, ದುರ್ಯೋಧನ ಮತ್ತೆ ಶುರು ಮಾಡುತ್ತಾನೆ, ಭೀಮ ಪರದೆ ಪಕ್ಕದಲ್ಲಿ ಗದೆ ಹಿಡಿದು ಕಾಯುತ್ತಾನೆ. ಆ ನಾಟಕ ಬೆಳಗಾಗುವುದರೊಳಗೆ ಗದಾಯುದ್ಧ ಮುಟ್ಟಬೇಕಾದರೆ ಹಾರ್ಮೋನಿಯಂ ಹಿಂದೆ ಕೂತ ಮೇಷ್ಟ್ರು ಗಟ್ಟಿಯಾಗಿರಬೇಕು. ಅವರು ಶ್ರುತಿ ಎತ್ತಿದರೆ ಹಾಡು, ನಿಲ್ಲಿಸಿದರೆ ಮುಗೀತು.

ವೂ-ಟ್ಯಾಂಗ್ ಕ್ಲಾನ್ ಅನ್ನುವ ರ‍್ಯಾಪ್ ಗುಂಪಿಗೆ ಅಂಥ ಮೇಷ್ಟ್ರು ಸಿಕ್ಕಿದ್ದು ರಿಝಾ. 1992ರಲ್ಲಿ ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನಲ್ಲಿ ಹುಡುಗರನ್ನು ಸೇರಿಸಿ, ಐದು ವರ್ಷ ನನ್ನ ಮಾತು ಕೇಳಿ, ನಿಮ್ಮನ್ನು ಮೇಲೆ ತರುತ್ತೇನೆ ಅಂದ. ಬೀಟ್ ಅವನದ್ದು, ಕೊನೇ ತೀರ್ಮಾನವೂ ಅವನದ್ದು. ಯಾವ ಬೀಟ್ ಮೇಲೆ ಯಾರು ಹಾಡಬೇಕು ಅನ್ನುವುದಕ್ಕೂ ಸ್ಟುಡಿಯೋದಲ್ಲೇ ಪೈಪೋಟಿ ನಡೆಯುತ್ತಿತ್ತು. ಸೋತವರು ಆ ಹಾಡಿನಲ್ಲಿ ಇಲ್ಲ. 1993ರಲ್ಲಿ ಬಂದ ಮೊದಲ ಆಲ್ಬಂನ 'ಕ್ರೀಮ್' ಹಾಡು ತೆಗೆದುಕೊಳ್ಳಿ. ಗುಂಪಿನ ಅತಿ ಹೆಸರುವಾಸಿ ಹಾಡುಗಳಲ್ಲಿ ಅದೂ ಒಂದು. ಅದರಲ್ಲಿ ಚರಣ ಹಾಡಿದ್ದು ಇಬ್ಬರೇ, ರೇಕ್ವಾನ್ ಮತ್ತು ಇನ್‌ಸ್ಪೆಕ್ಟಾ ಡೆಕ್. ಹುಕ್ ಮೆಥಡ್ ಮ್ಯಾನ್‌ದು. ಅಷ್ಟು ದೊಡ್ಡ ಗುಂಪಿನಲ್ಲಿ ಉಳಿದವರ ಚರಣವೇ ಇಲ್ಲ. ಜಾಗ ಸಿಕ್ಕಿದ್ದಕ್ಕೇ ಆ ಇಬ್ಬರು ತಮ್ಮ ಬಡತನದ ದಿನಗಳನ್ನು ಬಿಡಿಸಿ ಹೇಳುವುದಕ್ಕಾಯಿತು.

ಆಗ ಅವರು ಸ್ಟಾರ್‌ಗಳೇ ಆಗಿರಲಿಲ್ಲವಲ್ಲ, ಅದು ಸೂಪರ್‌ಗ್ರೂಪ್ ಹೇಗಾಯಿತು ಅಂತ ನೀವು ಕೇಳಬಹುದು. ನಿಜ. ಅದಕ್ಕೇ ಮಾತು ಕೇಳಿದರು. ಆಲ್ಬಂ ಹೊರತಂದ ಲೌಡ್ ರೆಕಾರ್ಡ್ಸ್ ಕಂಪನಿ ಜೊತೆಗಿನ ಒಪ್ಪಂದದಲ್ಲಿ ಪ್ರತಿಯೊಬ್ಬರೂ ಬೇರೆ ಕಂಪನಿಯಲ್ಲಿ ಸೋಲೋ ಆಲ್ಬಂ ಮಾಡಬಹುದು ಅನ್ನುವ ಅವಕಾಶ ಇತ್ತು. ಮೆಥಡ್ ಮ್ಯಾನ್ ಡೆಫ್ ಜ್ಯಾಮ್‌ಗೆ ಹೋದ, ಗುಂಪಿನ ಇನ್ನೊಬ್ಬ ಜಿಝಾ ಗೆಫೆನ್‌ಗೆ ಹೋದ. ಗುಂಪಿನ ಹಾಡಿನಲ್ಲಿ ಹೇಳಲಾಗದ್ದನ್ನು ಸ್ವಂತ ಆಲ್ಬಂನಲ್ಲಿ ಹೇಳಿಕೊಂಡರು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಕಾಣುವುದಿಲ್ಲ. ಆದರೆ 1997ಕ್ಕೆ ಆ ಐದು ವರ್ಷ ಮುಗಿಯಿತು, ಎಲ್ಲರೂ ದೊಡ್ಡವರಾದರು. 2007ರ ಆಲ್ಬಂ ಬರುವಾಗ ರೇಕ್ವಾನ್, ಗೋಸ್ಟ್‌ಫೇಸ್ ಇಬ್ಬರೂ ರಿಝಾನ ಸಂಗೀತ ಸರಿಯಿಲ್ಲ ಅಂತ ಬಹಿರಂಗವಾಗಿಯೇ ಹೇಳಿದರು. ಹಾಡುಗಾರರು ಅವರೇ, ಮೇಷ್ಟ್ರೂ ಅವನೇ. ಮಾತು ಕೇಳುವುದು ಮಾತ್ರ ನಿಂತಿತ್ತು.

ಸ್ಲಾಟರ್‌ಹೌಸ್ ಅನ್ನುವ ಗುಂಪಿನ ಕಥೆ ನನಗೆ ಇನ್ನೂ ನೋವು ಕೊಡುತ್ತದೆ. ರಾಯ್ಸ್ ಡ ಫೈವ್ ನೈನ್, ಜೋ ಬಡನ್, ಜೋಯೆಲ್ ಒರ್ಟಿಝ್, ಕ್ರೂಕಡ್ ಐ. ನಾಲ್ವರೂ ಪದ ಪೋಣಿಸುವುದರಲ್ಲಿ ಪಳಗಿದವರು. ಎಮಿನೆಮ್‌ನ ಶೇಡಿ ರೆಕಾರ್ಡ್ಸ್‌ಗೆ ಸೇರಿ 2012ರಲ್ಲಿ ಆಲ್ಬಂ ತಂದಾಗ ರೇಡಿಯೋಗೆ ಒಪ್ಪುವ ಹುಕ್‌ಗಳು ಬಂದು ಕೂತವು. ಯಾರಿಗಾಗಿ ಹಾಡುತ್ತಿದ್ದಾರೆ ಅನ್ನುವುದೇ ತಿಳಿಯಲಿಲ್ಲ. ಮುಂದಿನ ಆಲ್ಬಂ ರೆಕಾರ್ಡ್ ಆದರೂ ಬಿಡುಗಡೆ ಆಗಲಿಲ್ಲ, ಗುಂಪು ಒಡೆಯಿತು.

ಇಬ್ಬರೇ ಇದ್ದರೆ ತೊಂದರೆ ಕಡಿಮೆ. 2004ರ 'ಮ್ಯಾಡ್‌ವಿಲನಿ' ಆಲ್ಬಂ ಕೇಳಿ. ಬೀಟ್ ಮ್ಯಾಡ್‌ಲಿಬ್‌ದು, ಮಾತು ಎಂಎಫ್ ಡೂಮ್‌ದು. 22 ಟ್ರ್ಯಾಕ್ ಸೇರಿ ಮುಕ್ಕಾಲು ಗಂಟೆ ಆಸುಪಾಸು, ಎಷ್ಟೋ ಹಾಡಿಗೆ ಹುಕ್ಕೇ ಇಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುವುದಿಲ್ಲ.

ಗುಂಪು ಒಡೆಯುವುದಕ್ಕೆ ನಮ್ಮ ದೇಶದ ಉದಾಹರಣೆಯೂ ಇದೆ. 2024ರ ಯುವ ದಸರಾಕ್ಕೆ ಮೈಸೂರಿನ ಉತ್ತನಹಳ್ಳಿಗೆ ರ‍್ಯಾಪರ್ ಬಾದ್‌ಶಾ ಬಂದಿದ್ದು ನಿಮಗೆ ನೆನಪಿರಬಹುದು. ಒಂದು ಕಾಲಕ್ಕೆ ಅವರು, ಹನಿ ಸಿಂಗ್, ರಫ್ತಾರ್, ಇಕ್ಕಾ ಎಲ್ಲ 'ಮಾಫಿಯಾ ಮುಂಡೀರ್' ಅನ್ನುವ ಒಂದೇ ಗುಂಪು. ಹೆಸರು ಬರುವ ಹೊತ್ತಿಗೆ ಬೇರೆಯಾದರು. ಹಾಡಿನಲ್ಲಿ ಯಾರ ಪಾಲು ಎಷ್ಟು, ಹೆಸರು ಯಾರಿಗೆ ಅನ್ನುವ ಜಗಳ ವರ್ಷಗಟ್ಟಲೆ ಸುದ್ದಿಯಾಯಿತು.

ಈಗ ನಿಮ್ಮ ಟೀಮ್ ವಿಷಯ. ಬೀಟ್ ಮಾಡುವವರು ಒಬ್ಬರೇ ಇರಲಿ, ಆದಷ್ಟೂ ಅವರು ರ‍್ಯಾಪ್ ಮಾಡದೇ ಇರಲಿ. ಪ್ರತಿ ಹಾಡಿನಲ್ಲೂ ನಾಲ್ವರೂ ಇರಲೇಬೇಕು ಅನ್ನುವ ಹಟ ಬಿಡಿ. ಕಣ್ಣು ಮುಚ್ಚಿ ಕೇಳಿದರೆ ಯಾರ ದನಿ ಯಾವುದು ಅಂತ ತಿಳಿಯಬೇಕು. ನಾಲ್ವರೂ ಒಂದೇ ಕಡೆಯವರಾದರೆ ಮಾತಿನ ಧಾಟಿ ಒಂದೇ ಇರುತ್ತದೆ, ಅಲ್ವಾ? ಹಾಗಾದರೆ ವೇಗದಲ್ಲಾದರೂ ವ್ಯತ್ಯಾಸ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಹಾಡಿಗೊಂದು ವಿಷಯ ಹಿಡಿಯಿರಿ. ಕಬ್ಬಿನ ಬಾಕಿ ಹಣದ ಬಗ್ಗೆ ಒಬ್ಬರು ರೈತನಾಗಿ ಹಾಡಲಿ, ಒಬ್ಬರು ಲಾರಿ ಡ್ರೈವರ್ ಆಗಿ, ಇನ್ನೊಬ್ಬರು ಕಾರ್ಖಾನೆ ಕೆಲಸಗಾರನಾಗಿ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮದ್ದೂರಿನ ಹಳೇ ರಸ್ತೆಯ ಹೋಟೆಲುಗಳ ಪಾಡು ಏನಾಯಿತು ಅನ್ನುವುದಕ್ಕೂ ನಾಲ್ಕು ದನಿ ಬೇಕು. ಅಲ್ಲಿ ಯಾರೂ ಸುಮ್ನೆ ತಮ್ಮನ್ನೇ ಹೊಗಳಿಕೊಳ್ಳುವ ಅಗತ್ಯ ಬೀಳುವುದಿಲ್ಲ.

ಯಾರು ಬೇಕಾದರೂ ಸೋಲೋ ಹಾಡು ಬಿಡಬಹುದು, ದುಡ್ಡು ಬಂದರೆ ಹೀಗೆ ಹಂಚಿಕೆ, ಒಬ್ಬರು ಬಿಟ್ಟುಹೋದರೆ ಟೀಮ್ ಹೆಸರು ಯಾರದ್ದು, ಇಷ್ಟನ್ನೂ ಮೊದಲ ಹಾಡು ಯೂಟ್ಯೂಬ್‌ಗೆ ಏರಿಸುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಚಾನೆಲ್‌ನ ಪಾಸ್‌ವರ್ಡ್ ಒಬ್ಬರ ಹತ್ತಿರವೇ ಇರುವುದು ಬೇಡ.